ನಾಲ್ವರ ಬ್ಯಾಂಡು, ಐದನೆಯವನ ಪಾಡು

ಮನೆಯಲ್ಲಿ ಒಬ್ಬರು ಕಲಾವಿದರಾದರೆ ಉಳಿದವರು ಕುರ್ಚಿ ಎತ್ತಿಡುವವರಾಗುತ್ತಾರೆ. ಹೀಗೆ ಆಗಬೇಕೆಂದು ಯಾರೂ ಅಪ್ಪಣೆ ಕೊಡುವುದಿಲ್ಲ, ತಾನಾಗಿಯೇ ಆಗಿಬಿಡುತ್ತದೆ. ಮೊದಲ ದಿನ ನೀವು ಸೌಜನ್ಯಕ್ಕೆ ಒಂದು ಕುರ್ಚಿ ಎತ್ತಿಕೊಡುತ್ತೀರಿ. ಎರಡನೆಯ ದಿನದಿಂದ ನಿಮ್ಮ ಮುಖ ಕಂಡ ಕೂಡಲೇ ಎಲ್ಲರಿಗೂ ಕುರ್ಚಿಯ ನೆನಪಾಗುತ್ತದೆ. ನಾನು ಅರವತ್ತು ದಾಟಿದ ಕಾಫಿ ಬೆಳೆಗಾರ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಬಸ್ಸಿನಲ್ಲಿ 'ರುದ್ರಪ್ಪನೋರ ಗೇಟು' ಎಂದರೆ ಕಂಡಕ್ಟರು ಎರಡನೇ ಮಾತಿಲ್ಲದೆ ಸೀಟಿ ಊದುತ್ತಾನೆ. ಇಷ್ಟು ಮರ್ಯಾದಸ್ಥನಾದ ನಾನು ಈಗ ಎರಡು ವರ್ಷದಿಂದ ಒಂದು ಜಾಝ್ ಫ್ಯೂಷನ್ ಬ್ಯಾಂಡಿನ ಕುರ್ಚಿ ಎತ್ತುತ್ತಿದ್ದೇನೆ. ಬ್ಯಾಂಡಿನಲ್ಲಿ ನಾಲ್ಕು ಜನ. ನಾನು ಐದನೆಯವನು. ಕ್ವಾರ್ಟೆಟ್ ಎಂದರೆ ನಾಲ್ಕೇ ಜನ, ಅದಕ್ಕಿಂತ ಒಬ್ಬರು ಹೆಚ್ಚಾದರೂ ಹೆಸರು ಕೆಡುತ್ತದೆ ಎಂದು ಅದರ ಡ್ರಮ್ಮಿನವರು ನನಗೆ ಮೂರು ಸಲ ಬಿಡಿಸಿ ಹೇಳಿದ್ದಾರೆ.

ಈ ಬ್ಯಾಂಡು ಹುಟ್ಟಿದ ಕಥೆ ಹೇಳಬೇಕಾದರೆ ನನ್ನ ಹಳೆಯದೊಂದು ತಪ್ಪನ್ನು ಒಪ್ಪಿಕೊಂಡೇ ಹೇಳಬೇಕು. ನನ್ನ ಹೆಂಡತಿ ಗಿರಿಜಾ ಚಿಕ್ಕಮಗಳೂರಿನ ಜವಳಿ ಅಂಗಡಿಯವರ ಮಗಳು. ಮದುವೆಯಾಗಿ ಬರುವಾಗ ಪಿಟೀಲು ತಂದಿದ್ದಳು. ಹತ್ತು ವರ್ಷ ಕ್ರಮವಾಗಿ ಕಲಿತವಳು. ನಾನು ಬೆಳಿಗ್ಗೆ ರೇಡಿಯೋಗೆ ಕಿವಿ ಕೊಟ್ಟು ವಾರ್ತೆ ಕೇಳುವ ಹೊತ್ತಿಗೇ ಸರಿಯಾಗಿ ಅವಳ ಅಭ್ಯಾಸ ಶುರುವಾಗುತ್ತಿತ್ತು. ಒಂದು ದಿನ, "ಸ್ವಲ್ಪ ಮೆಲ್ಲಗೆ ಬಾರಿಸೋಕೆ ಆಗಲ್ವಾ?" ಎಂದೆ. ಅಷ್ಟೇ. ಬೈಯಲಿಲ್ಲ, ಬೇಡ ಎನ್ನಲಿಲ್ಲ. ಅವಳು ಮೆಲ್ಲಗೆ ಬಾರಿಸಿದಳು. ಮುಂದಿನ ವಾರ ಇನ್ನೂ ಮೆಲ್ಲಗೆ. ಹಾಗೇ ಮೆಲ್ಲಗಾಗುತ್ತ ಆಗುತ್ತ ಯಾವ ದಿನ ಪೂರ್ತಿ ನಿಂತುಹೋಯಿತೋ ನನಗೆ ತಿಳಿಯಲೇ ಇಲ್ಲ. ವಾರ್ತೆ ಮಾತ್ರ ಬಹಳ ಚೆನ್ನಾಗಿ ಕೇಳಿಸುತ್ತಿತ್ತು. ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲೆ ಹೋಗಿ ಕೂತಿತು. ಅದರ ಮೇಲೆ ಒಂದು ಸೂಟ್‌ಕೇಸು, ಸೂಟ್‌ಕೇಸಿನ ಮೇಲೆ ಚಳಿಗಾಲದ ಕಂಬಳಿಗಳು ಬಂದು ಕೂತವು. ಮೂವತ್ತು ವರ್ಷ ಹೀಗೇ ಕಳೆಯಿತು.

ಆ ಪೆಟ್ಟಿಗೆಯನ್ನು ಕೆಳಗೆ ಇಳಿಸಿದವನು ಫೆಲಿಕ್ಸಣ್ಣ. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದ ಕಾಲಕ್ಕೆ ಅಲ್ಲಿನ ವರ್ಕ್‌ಶಾಪಿನಲ್ಲಿ ಹಗಲೆಲ್ಲ ಮೋಟಾರು ರಿಪೇರಿ, ಸಂಜೆ ಟೌನ್‌ಶಿಪ್ಪಿನ ಕ್ಲಬ್ಬಿನಲ್ಲಿ ಗಿಟಾರು. ಗಣಿ ನಿಂತ ಮೇಲೆ ಎಲ್ಲರೂ ದಿಕ್ಕಿಗೊಬ್ಬರಂತೆ ಹೋದರೂ ಈತ ಮಾತ್ರ ಕಳಸಕ್ಕೆ ಬಂದು ಪಂಪುಸೆಟ್ಟು, ಮಿಕ್ಸಿ ರಿಪೇರಿ ಮಾಡಿಕೊಂಡು ಉಳಿದ. ನಮ್ಮ ಮನೆಯ ಇನ್ವರ್ಟರ್ ನೋಡಲು ಏಣಿ ಹತ್ತಿದವನು ಅಲ್ಲಿಂದಲೇ, "ಗಿರಿಜಕ್ಕ, ಇದು ಪಿಟೀಲಿನ ಪೆಟ್ಟಿಗೆ ಅಲ್ವಾ? ಬಾರಿಸೋರು ಯಾರು?" ಎಂದು ಕೇಳಿದ. ಗಿರಿಜಾ ಒಂದು ಕ್ಷಣ ನನ್ನ ಮುಖ ನೋಡಿ, "ಯಾರೂ ಇಲ್ಲಪ್ಪ. ಮುಂಚೆ ಒಬ್ಬಳು ಇದ್ದಳು" ಎಂದಳು. ಇನ್ವರ್ಟರ್ ಅವತ್ತು ರಿಪೇರಿಯಾಗಲಿಲ್ಲ. ಫೆಲಿಕ್ಸಣ್ಣ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಮರುದಿನ ಗಿಟಾರಿನೊಂದಿಗೆ ಬಂದ.

ಮನೆಯೊಳಗೆ ಬೇಡವೆಂದು ಗಿರಿಜಾಳೇ ಹೇಳಿದಳು. ಹಾಗಾಗಿ ಕಾಫಿ ಸ್ಟೋರಿನಲ್ಲಿ ಜಾಗವಾಯಿತು. ಕಣದ ಪಕ್ಕದಲ್ಲಿರುವ ಉದ್ದನೆಯ ಶೀಟು ಮಾಡಿನ ಕೋಣೆ ಅದು. ಕಾಫಿ ಮಾರುವ ವಿಷಯದಲ್ಲಿ ನಾನು ಸ್ವಲ್ಪ ನಿಧಾನಿ. ಇನ್ನೊಂದು ವಾರ ನೋಡೋಣ, ರೇಟು ಬರಲಿ ಎಂದು ಕಾಯುತ್ತ ಕಾಯುತ್ತ ಸಿಪ್ಪೆ ಸಮೇತ ಒಣಗಿಸಿದ ಕಾಫಿಯ, ಅಂದರೆ ಚೆರ್ರಿಯ, ಎರಡು ವರ್ಷದ ಮೂಟೆಗಳು ಮೂರು ಗೋಡೆಗೂ ಮಾಡಿನವರೆಗೆ ಪೇರಿಸಿಕೊಂಡಿದ್ದವು. ಊರಿನವರು ನನ್ನನ್ನು ಆಡಿಕೊಳ್ಳುವುದಕ್ಕೆ ಆ ಮೂಟೆಗಳೇ ಸಾಕಾಗಿದ್ದವು. ನಡುವೆ ಉಳಿದ ಜಾಗದಲ್ಲಿ ಇವರಿಬ್ಬರೂ ಕೂತು ಶುರುಮಾಡಿದರು.

ಆಮೇಲೆ ಕೊಟ್ಟಿಗೆಹಾರದ ಸೇಸಪ್ಪಣ್ಣ ಬಂದ. ಮದುವೆಗಳಲ್ಲಿ, ದೇವರ ಉತ್ಸವಗಳಲ್ಲಿ ಸ್ಯಾಕ್ಸೊಫೋನ್ ಊದುವವನು, ಉಳಿದ ದಿನ ಸಣ್ಣದೊಂದು ಹೋಟೆಲು. ಕೊನೆಗೆ ಸುಮಾ ಮೇಡಂ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು; ಕಾಲೇಜಿನಲ್ಲಿದ್ದಾಗಲೇ ಡ್ರಮ್ ಸೆಟ್ ಬಾರಿಸಿ ಬಹುಮಾನ ಹೊಡೆದವರು. ಕೊರಳಲ್ಲಿ ಯಾವಾಗಲೂ ಒಂದು ಸೀಟಿ. ಯಾರಾದರೂ ಲಯ ತಪ್ಪಿದರೆ ಊದುತ್ತಾರೆ. ಒಮ್ಮೆ ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಒಳಗೆ ಹೋದಾಗಲೂ ಊದಿದರು. ಏಕೆಂದು ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಬಂದಿಲ್ಲ.

ಜಾಝ್ ಎಂದರೆ ಏನೆಂದು ನಾನು ಫೆಲಿಕ್ಸಣ್ಣನನ್ನು ಕೇಳಿದ್ದೆ. "ಮೊದ್ಲು ಎಲ್ಲಾ ಸೇರಿ ಒಂದೇ ಮಾತು ಹೇಳೋದು. ಆಮೇಲೆ ಒಬ್ಬೊಬ್ರೇ ಅವರಿಗೆ ತೋಚಿದ ಕಡೆ ಹೋಗೋದು. ಕೊನೆಗೆ ಎಲ್ಲಾ ಒಟ್ಟಿಗೆ ಮನೆಗೆ ಬರೋದು. ಅಷ್ಟೇ ರುದ್ರಪ್ಪಣ್ಣ" ಎಂದ. ನಮ್ಮ ದನಗಳೂ ದಿನಾ ಇದನ್ನೇ ಮಾಡುತ್ತವಲ್ಲ ಎಂದು ನನಗೆ ಅನ್ನಿಸಿತು, ಹೇಳಲಿಲ್ಲ. ಸೇಸಪ್ಪಣ್ಣನಿಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಬೀಳಲಿಲ್ಲ. "ಹೋ, ಇದಾ? ಮುಹೂರ್ತ ತಡ ಆದಾಗ ನಾವು ಎಳೀತೀವಲ್ಲ, ಅದೇ ತಾನೇ? ಹೆಣ್ಣಿನ ಕಡೆಯೋರ ಬಸ್ಸು ಘಾಟೀಲಿ ಕೆಟ್ಟು ನಿಂತ್ರೆ ಒಂದೇ ಹಾಡನ್ನ ಒಂದು ಗಂಟೆ ಎಳ್ದಿದೀನಿ ಮಾರಾಯ" ಎಂದು ಕೊಳವೆ ಬಾಯಿಗಿಟ್ಟ. ಗಿರಿಜಾ ಹಿಂದೋಳ ರಾಗ ಹಿಡಿದರೆ ಫೆಲಿಕ್ಸಣ್ಣ ಅದರ ಕೆಳಗೆ ಕ್ಲಬ್ಬಿನ ಕಾಲದ ಸ್ವರಗಳನ್ನು ಹಾಸುತ್ತಿದ್ದ, ಸೇಸಪ್ಪಣ್ಣ ಅದನ್ನು ಮದುವೆಮನೆಗೆ ಕರೆದುಕೊಂಡು ಹೋಗುತ್ತಿದ್ದ, ಸುಮಾ ಮೇಡಂ ಏಳು ಎಣಿಕೆಯ ತಾಳದಲ್ಲಿ ಎಲ್ಲರನ್ನೂ ಸಾಲಾಗಿ ನಡೆಸುತ್ತಿದ್ದರು. ಏಳರ ತಾಳ ಅವರಿಗೆ ಎಷ್ಟು ಅಂಟಿಕೊಂಡಿತೆಂದರೆ ಶಾಲೆಯಲ್ಲಿ ಮಾರ್ಚ್ ಪಾಸ್ಟಿಗೂ ಅದನ್ನೇ ಬಾರಿಸಿ, ಮಕ್ಕಳೆಲ್ಲ ಎಡಗಾಲು ಬಲಗಾಲು ಗೊತ್ತಾಗದೆ ಒಬ್ಬರ ಮೇಲೊಬ್ಬರು ಬಿದ್ದರಂತೆ.

ಮೊದಲ ಕಾರ್ಯಕ್ರಮ ನಮ್ಮ ಬೆಳೆಗಾರರ ಕೂಟದ ವಾರ್ಷಿಕ ಸಭೆಯಲ್ಲಿ. ಹನ್ನೊಂದು ನಿಮಿಷದ ಒಂದು ರಚನೆ ಮುಗಿಸಿ ನಾಲ್ವರೂ ಬೆವರು ಒರೆಸಿಕೊಳ್ಳುತ್ತಿದ್ದಾಗ ಮುಂದಿನ ಸಾಲಿನ ಹಿರಿಯರೊಬ್ಬರು ನನ್ನನ್ನು ಹತ್ತಿರ ಕರೆದು, "ಟೆಸ್ಟಿಂಗ್ ಚೆನ್ನಾಗಿ ಮಾಡಿದ್ರು. ಪ್ರೋಗ್ರಾಂ ಎಷ್ಟು ಹೊತ್ತಿಗೆ ಶುರು?" ಎಂದು ಕೇಳಿದರು.

ಬ್ಯಾಂಡಿಗೆ ಹೆಸರಿಡುವ ಕೆಲಸವನ್ನು ನಾನೇ ಮೇಲೆ ಹಾಕಿಕೊಂಡೆ. ಕುರ್ಚಿಗಿಂತ ಮೇಲಿನ ಹುದ್ದೆ ಸಿಗಬಹುದೆಂಬ ಆಸೆ. 'ನಾದಸಿಂಧು ಸಂಗೀತ ಚತುಷ್ಟಯ' ಎಂದು ಬರೆದು ತೋರಿಸಿದೆ. ಫೆಲಿಕ್ಸಣ್ಣ ಅದನ್ನು ಓದಲು ಹೋಗಿ ನಡುವೆ ಉಸಿರು ತೆಗೆದುಕೊಂಡ. ಅವನ ಪ್ರಕಾರ 'ದಿ ಮಾನ್ಸೂನ್ ಫೋರ್' ಆಗಬೇಕು. ದೇವರ ಹೆಸರಿಲ್ಲದ ವಾದ್ಯವೃಂದ ತನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಎಲ್ಲೂ ಕಂಡಿಲ್ಲವೆಂದು ಸೇಸಪ್ಪಣ್ಣ. ಹೆಡ್‌ಮಾಸ್ಟರು ಮೈಕಿನಲ್ಲಿ ತಡವರಿಸದೆ ಹೇಳುವಂತಿದ್ದರೆ ಸಾಕು ಎಂದು ಸುಮಾ ಮೇಡಂ. ಆರು ತಿಂಗಳು ಈ ಚರ್ಚೆ ನಡೆಯಿತು. ಗಿರಿಜಾ ಮಾತ್ರ ಕಮಾನಿಗೆ ರಾಳ ಉಜ್ಜುತ್ತ, "ಹೆಸರು ಎಲ್ಲಿ ಹೋಗತ್ತೆ ಬಿಡಿ. ಮೊದ್ಲು ನೆಟ್ಟಗೆ ಬಾರಿಸಣ" ಎನ್ನುತ್ತಿದ್ದಳು.

ಅಷ್ಟರಲ್ಲಿ ಆಲ್ಬಂ ಮಾಡುವ ಮಾತು ಬಂತು. ಸುಮಾ ಮೇಡಂ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಮಂಗಳೂರಿನ ನಿಖಿಲ್ ಎಂಬ ರೆಕಾರ್ಡಿಂಗ್ ಪಂಡಿತನಿಗೆ ಕಳಿಸಿದ್ದರಂತೆ. ಅವನು ಕೇಳಿ ದಂಗಾಗಿ, ಇದು ಯಾವ ಸ್ಟುಡಿಯೋ, ಇಷ್ಟು ಹದವಾದ ಸದ್ದು ಎಲ್ಲಿಂದ ಬಂತು ಎಂದು ವಿಚಾರಿಸಿದ. ಕಾಫಿ ಸ್ಟೋರು ಎಂದಾಗ, "ಹಾಗಾದ್ರೆ ನಾನೇ ಅಲ್ಲಿಗೆ ಬರ್ತೇನೆ" ಎಂದ. ಅವನಿಗೆ ಬಿಡುವಿದ್ದದ್ದು ಎರಡೇ ದಿನ. ಅದು ತಪ್ಪಿದರೆ ಮುಂದಿನ ವರ್ಷವೇ. ಗಿರಿಜಾ ಕ್ಯಾಲೆಂಡರಿನಲ್ಲಿ ಆ ಎರಡು ದಿನಕ್ಕೆ ಗುರುತು ಮಾಡಿದಳು. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಎಷ್ಟು ದಿನ ಉಳಿಯಿತೆಂದು ಎಣಿಸುವುದನ್ನು ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಮಗಳ ಮದುವೆಗೂ ಅವಳು ಹೀಗೆ ಎಣಿಸಿದವಳಲ್ಲ.

ಬರುವ ನಾಲ್ಕು ದಿನ ಮುಂಚೆ ನಿಖಿಲ್ ಫೋನು ಮಾಡಿದ. ನಾನೇ ಎತ್ತಿದೆ. "ಸಾರ್, ನೀವು ಎಂತದೂ ತಯಾರಿ ಮಾಡುದು ಬೇಡ. ಹೇಗುಂಟೋ ಹಾಗೇ ಇರ್ಲಿ" ಎಂದ. ಎಷ್ಟು ಸಂಭಾವಿತ ಎಂದುಕೊಂಡೆ. ಈಗ ನೀವೇ ಹೇಳಿ, ನಮ್ಮ ಕಡೆ ಬರುವ ನೆಂಟ 'ಏನೂ ಮಾಡ್ಬೇಡಿ, ಮನೆಯವರ ಥರ ಬಂದು ಹೋಗ್ತೀವಿ' ಎಂದರೆ ಏನರ್ಥ? ಕಡುಬಿಗೆ ಅಕ್ಕಿ ನೆನೆಹಾಕಬೇಕು, ಹೋಳಿಗೆಗೆ ಕಣಕ ಕಲಸಬೇಕು, ಹೊಸ ಬೆಡ್‌ಶೀಟು ತೆಗೆಯಬೇಕು ಎಂದರ್ಥ. ಅಂಥ ಮಾತನ್ನು ನಿಜವೆಂದು ನಂಬಿ ಬಂದವರಿಗೆ ಉಪ್ಪಿಟ್ಟು ಕೊಟ್ಟ ಮನೆಯನ್ನು ನಮ್ಮ ಊರಿನಲ್ಲಿ ಎರಡು ತಲೆಮಾರು ಮರೆಯುವುದಿಲ್ಲ. ಮಂಗಳೂರಿನಿಂದ ಘಾಟಿ ಹತ್ತಿ ಒಬ್ಬ ಬರುತ್ತಾನೆ, ಹೆಂಡತಿಯ ಮೊದಲ ಆಲ್ಬಂ, ಅವರೆಲ್ಲ ಜೇಡರಬಲೆಯ ಕೆಳಗೆ ಮೂಟೆಗಳ ಸಂದಿಯಲ್ಲಿ ಕೂರುವುದೇ? ನನಗೇ ಅವಮಾನವೆನಿಸಿತು. ಗಿರಿಜಾ ಎರಡು ದಿನ ಹೊಸ ತಂತಿ ತರಲೆಂದು ತಂಗಿಯ ಮನೆಗೆ ಚಿಕ್ಕಮಗಳೂರಿಗೆ ಹೋಗಿದ್ದಳು. ಇದೇ ಸಮಯವೆಂದು ನಾನು, ಎರಡು ವರ್ಷ ಯಾರು ಬೇಡಿದರೂ ಕೊಡದವನು, ಅಷ್ಟೂ ಕಾಫಿಯನ್ನು ಲಾರಿಗೆ ಏರಿಸಿಬಿಟ್ಟೆ. ಸ್ಟೋರನ್ನು ಗುಡಿಸಿ, ತೊಳೆಸಿ, ಸುಣ್ಣ ಹೊಡೆಸಿದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿದೆ. ತಂಗಿಯ ಮನೆಯಿಂದ ಸಂಜೆ ಬಂದ ಗಿರಿಜಾ ಸ್ಟೋರಿನ ಕಡೆ ಹೊರಟಾಗ, "ನಾಳೆ ನೋಡುವೆಯಂತೆ, ಈಗ ಬೇಡ" ಎಂದು ದಾರಿಗೆ ಅಡ್ಡ ನಿಂತೆ. ಅವಳನ್ನು ಅಚ್ಚರಿಗೊಳಿಸುವ ಹುಮ್ಮಸ್ಸು ನನಗೆ.

ಮರುದಿನ ಬೆಳಿಗ್ಗೆ ಎಲ್ಲರೂ ಸ್ಟೋರಿನ ಮುಂದೆ ಸೇರಿದರು. ನಾನು ಬಾಗಿಲು ತೆರೆದು ಪಕ್ಕಕ್ಕೆ ನಿಂತೆ. ನಿಖಿಲ್ ಒಳಗೆ ಹೋಗಿ, ನಡುವೆ ನಿಂತು, ಒಂದು ಸಲ ಚಪ್ಪಾಳೆ ತಟ್ಟಿದ. ಠಪ್. ಗೋಡೆ ಅದನ್ನು ಎದುರು ಗೋಡೆಗೆ ಕೊಟ್ಟಿತು, ಅದು ಮಾಡಿಗೆ ಕೊಟ್ಟಿತು, ಮಾಡು ತಿರುಗಿ ನಮಗೆ ಕೊಟ್ಟಿತು. ಠಪ್ ಠಪ್ ಠಪ್ ಎಂದು ಅದು ಮುಗಿಯಲು ಸ್ವಲ್ಪ ಹೊತ್ತೇ ಹಿಡಿಯಿತು.

"ಮೂಟೆಗಳು ಎಲ್ಲಿ ಸಾರ್?" ಎಂದ ನಿಖಿಲ್.

"ಎಲ್ಲಾ ಖಾಲಿ ಮಾಡಿಸ್ದೆ!" ಎಂದೆ, ನಗುತ್ತ.

ನನ್ನ ಜೊತೆ ಯಾರೂ ನಗಲಿಲ್ಲ. "ಅಯ್ಯೋ ಸಾರ್, ಆ ಸೌಂಡ್ ಇದ್ದದ್ದೇ ಮೂಟೆಗಳಲ್ಲಿ. ಗೋಣಿ, ಅದರೊಳಗೆ ಕಾಫಿ, ಅದೇ ಸದ್ದನ್ನು ಕುಡೀತಿದ್ದದ್ದು. ಅದಕ್ಕೇ ಅಲ್ವಾ ನಾನು ಎಂತದೂ ಮಾಡ್ಬೇಡಿ ಅಂತ ಹೇಳಿದ್ದು? ಇದೀಗ ಬಾವಿ ಒಳಗೆ ಕೂತು ಬಾರಿಸಿದ ಹಾಗೆ ಆಗ್ತದೆ" ಎಂದು ಅವನು ಬಾಗಿಲ ತೋರಣವನ್ನೇ ನೋಡಿದ. ಫೆಲಿಕ್ಸಣ್ಣ ಗಿಟಾರಿನ ಚೀಲವನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಸೇಸಪ್ಪಣ್ಣ, "ಎರಡು ವರ್ಷ ಮಾರ್ದೇ ಇದ್ದೋರು ನಿನ್ನೇನೇ ಮಾರ್ಬೇಕಿತ್ತಾ ಮಾರಾಯ್ರೇ" ಎಂದು ತಲೆ ಚಚ್ಚಿಕೊಂಡ. ಸುಮಾ ಮೇಡಂ ಸೀಟಿಯನ್ನು ಬಾಯಿಯವರೆಗೆ ತಂದು, ಅದರಿಂದ ಪ್ರಯೋಜನವಿಲ್ಲವೆಂದು ಬಿಟ್ಟರು.

ಇವರೆಲ್ಲ ಬೈದದ್ದನ್ನು ನಾನು ತಡೆದುಕೊಂಡೆ. ತಡೆಯಲಾರದ್ದು ಗಿರಿಜಾಳ ಮಾತು. ಅವಳು ಬೈಯಲಿಲ್ಲ. ಸುಣ್ಣದ ಗೋಡೆಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ನಿಖಿಲ್ ಕಡೆ ತಿರುಗಿ, "ಪರವಾಗಿಲ್ಲ ಬಿಡಿ. ನಾನು ಬೇಕಾದ್ರೆ ಮೆಲ್ಲಗೆ ಬಾರಿಸ್ತೀನಿ" ಎಂದಳು.

ಮೂವತ್ತು ವರ್ಷದ ಹಿಂದೆ ನಾನೇ ಅವಳ ಬಾಯಿಗೆ ಕೊಟ್ಟ ಮಾತು ಅದು. ಅವಳು ಅದನ್ನು ಹಾಗೇ ಜೋಪಾನವಾಗಿ ಇಟ್ಟುಕೊಂಡಿದ್ದಳು. "ಯಾರೂ ಮೆಲ್ಲಗೆ ಬಾರಿಸೋದು ಬೇಡ. ಮಧ್ಯಾಹ್ನದೊಳಗೆ ಮೂಟೆ ಬರತ್ತೆ" ಎಂದು ಹೇಳಿ ನಾನು ಜೀಪು ಹತ್ತಿದೆ. ಎಲ್ಲಿಂದ ಬರುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ.

ಪಕ್ಕದ ತೋಟದ ಮಂಜಪ್ಪನಿಗೂ ನನಗೂ ಬೇಲಿಯ ವಿಷಯದಲ್ಲಿ ಮಾತು ಬಿಟ್ಟು ವರ್ಷವಾಗಿತ್ತು. ಆದರೆ ಹತ್ತಿರದಲ್ಲಿ ಇನ್ನೂ ಕಾಫಿ ಮಾರದೆ ಇಟ್ಟುಕೊಂಡವನು ಅವನೇ. ಅವನು ಗೇಟಿನ ಒಳಗೇ ನಿಂತು ನನ್ನ ಕಥೆಯನ್ನೆಲ್ಲ ಕೇಳಿದ. "ಅಂದ್ರೆ, ನನ್ನ ಕಾಫಿ ನಿಮಗೆ ಕೊಂಡ್ಕೊಳ್ಳೋಕಲ್ಲ, ಕುಡಿಯೋಕಲ್ಲ, ಸುಮ್ನೆ ಗೋಡೆಗೆ ಒರಗಿಸೋಕೆ?" ಎಂದ. ಹೌದೆಂದೆ. "ರುದ್ರಪ್ಪಣ್ಣ, ಜ್ವರಗಿರ ಏನಾದ್ರೂ ಇದ್ಯಾ?" ಎಂದು ಕೇಳಿದ. ನಾನು ಕೈಮುಗಿದೆ. ಗಿರಿಜಾಳ ಪಿಟೀಲಿನ ವಿಷಯ, ಮೂವತ್ತು ವರ್ಷದ ವಿಷಯ, ಎಲ್ಲ ಆ ಗೇಟಿನಲ್ಲೇ ಹೇಳಿಬಿಟ್ಟೆ. ಬೇಲಿಯನ್ನು ಅವನು ಹೇಳಿದಲ್ಲಿಗೇ ಹಾಕಿಕೊಳ್ಳಲಿ ಎಂದೂ ಹೇಳಿದೆ. ಮಂಜಪ್ಪ, "ಬೇಲಿ ಹಾಳಾಗಿ ಹೋಗ್ಲಿ. ಗಿರಿಜಕ್ಕನಿಗೆ ಬೇಕು ಅಂತ ಮೊದ್ಲೇ ಹೇಳಕ್ಕೇನಾಗಿತ್ತು?" ಎಂದು ಪಿಕಪ್ಪಿನ ಬೀಗದಕೈ ತಂದ.

ಮೂಟೆಗಳು ಬಂದವು. ಅವನದು ಸಾಲದೆ ಇನ್ನೂ ನಾಲ್ಕು ತೋಟಗಳಿಂದ ಬಂದವು. ಯಾರದು ಯಾರದೆಂದು ಕಲಸಿಹೋಗಬಾರದಲ್ಲ, ಎಲ್ಲ ಮೂಟೆಗೂ ಮಾಲೀಕರ ಹೆಸರಿನ ಮೊದಲ ಅಕ್ಷರ ಬರೆಯಲಾಯಿತು. ಸುಮಾ ಮೇಡಂ ಸೀಟಿ ಊದುತ್ತ, ಅಸೆಂಬ್ಲಿಯಲ್ಲಿ ಮಕ್ಕಳನ್ನು ನಿಲ್ಲಿಸುವಂತೆ, ಮೂರು ಗೋಡೆಗೂ ಸಾಲು ಹಿಡಿಸಿದರು. ನಿಖಿಲ್ ಚಪ್ಪಾಳೆ ತಟ್ಟುತ್ತ ಸುತ್ತಿದ. ಎಲ್ಲ ಕಡೆ ಸದ್ದು ಸುಮ್ಮನೆ ಸತ್ತಿತು, ಗಿರಿಜಾಳ ಹಿಂದಿನ ಒಂದು ಮೂಲೆ ಬಿಟ್ಟು. ಅಲ್ಲಿ ಮಾತ್ರ ಠಪ್ ಎಂದರೆ ಠಪ್ ಎನ್ನುತ್ತಿತ್ತು. ಮೂಟೆ ಮುಗಿದಿದ್ದವು.

"ಇಲ್ಲಿಗೆ ಎಂತಾದ್ರೂ ದಪ್ಪದ್ದು ಬೇಕು. ಮೆತ್ತಗಿನದ್ದು. ಆಳೆತ್ತರ ಇದ್ರೆ ಒಳ್ಳೇದು" ಎಂದ ನಿಖಿಲ್.

ಸುಮಾ ಮೇಡಂ ಅವರ ಕಣ್ಣು ಸುತ್ತಲೂ ಹಾಯ್ದು ನನ್ನ ಮೇಲೆ ಬಂದು ನಿಂತಿತು. ನನ್ನ ಹೊಟ್ಟೆಯ ವಿಷಯ ನಾನು ಇಲ್ಲಿ ವಿಸ್ತರಿಸಲಾರೆ. ಎರಡು ಕಂಬಳಿ, ಒಂದು ರಜಾಯಿ ಹೊದಿಸಿ, ತಲೆಗೊಂದು ಗೋಣಿಕೊಪ್ಪೆ ಹಾಕಿ ನನ್ನನ್ನು ಆ ಮೂಲೆಯಲ್ಲಿ ನಿಲ್ಲಿಸಿದರು. ನಿಖಿಲ್ ನನ್ನ ಮೂಗಿನ ಮುಂದೆ ಚಪ್ಪಾಳೆ ತಟ್ಟಿ, "ಸೂಪರ್ ಸಾರ್! ಇನ್ನು ಅಲ್ಲಾಡ್ಬೇಡಿ, ಕೆಮ್ಮಬೇಡಿ" ಎಂದ.

ಅವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ, ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಮೂಟೆಯಾಗಿದ್ದೆ. ಮೂಗು ತುರಿಸಿತು. ಒಂದು ನೊಣ ಕಿವಿಯ ಮೇಲೆ ಕೂತು 'ಕಳಸದ ಬಸ್ಸು' ಎಂಬ ಒಂಬತ್ತು ನಿಮಿಷದ ರಚನೆಯನ್ನು ಪೂರ್ತಿ ಕೇಳಿತು. ಬಸ್ಸಿನ ತಿರುವುಗಳಲ್ಲಿ ಸೇಸಪ್ಪಣ್ಣನ ಸ್ಯಾಕ್ಸೊಫೋನ್ ಹಾರನ್ ಹೊಡೆಯಿತು. 'ಕ್ಲಬ್ಬಿನ ದೀಪ' ಎಂಬ ನಿಧಾನದ ರಚನೆಯಲ್ಲಿ ಫೆಲಿಕ್ಸಣ್ಣ ಕಣ್ಣುಮುಚ್ಚಿ, ಕುದುರೆಮುಖದಲ್ಲಿ ಬಾಗಿಲು ಮುಚ್ಚಿದ ಅಷ್ಟೂ ಕ್ವಾರ್ಟರ್ಸುಗಳ ಮುಂದೆ ಒಂದು ಸುತ್ತು ಹೋಗಿಬಂದ. ಕೊನೆಯದು 'ಹೂಮಳೆ'. ಮಾರ್ಚಿನಲ್ಲಿ ಕಾಫಿ ಮೊಗ್ಗು ಒಡೆಯಲು ನಾವೆಲ್ಲ ಆಕಾಶ ನೋಡುತ್ತ ಕಾಯುವ ಆ ಮೊದಲ ಮಳೆಯ ಮೇಲೆ ಗಿರಿಜಾ ಕಟ್ಟಿದ್ದು. ಅವಳು ನನಗೆ ಬೆನ್ನು ಮಾಡಿ, ಎರಡು ಗೇಣು ದೂರದಲ್ಲಿ ಕೂತಿದ್ದಳು. ಮೆಲ್ಲಗೆ ಶುರುಮಾಡಿದಳು. ಆಮೇಲೆ ಒಂದು ಕಡೆ ಕಮಾನನ್ನು ಒತ್ತಿ ಎಳೆದಳು ನೋಡಿ, ಅಷ್ಟು ಜೋರಾಗಿ, ಅಷ್ಟು ತುಂಬಿ ಬಂದ ಸ್ವರ, ನಾನು ಮೂವತ್ತು ವರ್ಷದಲ್ಲಿ ಕೇಳಿಯೇ ಇರಲಿಲ್ಲ. ಮದುವೆಯಾದ ಮೇಲೆ ಅವಳು ನುಡಿಸಿದ್ದನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಬಾಯಿ ಹಾಕದೆ ನಾನು ಕೇಳಿದ್ದು ಅದೇ ಮೊದಲು. ಅದಕ್ಕೂ ನನ್ನನ್ನು ಕಂಬಳಿಯಲ್ಲಿ ಸುತ್ತಿ ನಿಲ್ಲಿಸಬೇಕಾಯಿತು. ಕಣ್ಣು ತುಂಬಿಕೊಂಡಿತು. ಕೈ ಎತ್ತಿ ಒರೆಸಿಕೊಳ್ಳುವ ಹಾಗಿರಲಿಲ್ಲ, ಹರಿಯಲಿ ಎಂದು ಬಿಟ್ಟೆ.

ಹೆಸರಿನ ಚರ್ಚೆ ಅವತ್ತು ಸಂಜೆ ಕಡುಬು ತಿನ್ನುವಾಗ ಎರಡು ನಿಮಿಷದಲ್ಲಿ ಮುಗಿಯಿತು. ಸುತ್ತಲಿನ ಮೂಟೆಗಳನ್ನು ನೋಡಿ ಗಿರಿಜಾ, "ಗೋಣಿತಾಟು ಅಂತಿಡಣ" ಎಂದಳು. ಹೆಡ್‌ಮಾಸ್ಟರು ತಡವರಿಸುವುದಿಲ್ಲ ಎಂದು ಸುಮಾ ಮೇಡಂ ಒಪ್ಪಿದರು. ದೇವರ ಫೋಟೋ ಇಟ್ಟು ಪೂಜೆ ಮಾಡಿಸಿದರೆ ತನ್ನದೇನೂ ತಕರಾರಿಲ್ಲವೆಂದು ಸೇಸಪ್ಪಣ್ಣ. ಫೆಲಿಕ್ಸಣ್ಣ ಎರಡು ಸಲ ಬಾಯಲ್ಲಿ ಹೇಳಿ ನೋಡಿ ತಲೆಯಾಡಿಸಿದ. ನನ್ನನ್ನು ಯಾರೂ ಕೇಳಲಿಲ್ಲ.

ಆಲ್ಬಂ ಹೊರಬಂತು. ಹೆಸರು 'ಹೂಮಳೆ'. ಹಿಂಬದಿಯಲ್ಲಿ ಎಲ್ಲರ ಹೆಸರು ಹಾಕುವುದು ಪದ್ಧತಿಯಂತೆ. ನಾನು ಮೊದಲೇ ಸೂಚ್ಯವಾಗಿ, 'ನಿರ್ಮಾಪಕ' ಅಂತೇನೂ ಬೇಡ, 'ವ್ಯವಸ್ಥಾಪಕ' ಅಂತ ಸಣ್ಣದಾಗಿ ಹಾಕಿದರೂ ಸಾಕು ಎಂದು ಗಿರಿಜಾಳಿಗೆ ಹೇಳಿಟ್ಟಿದ್ದೆ. ಪಟ್ಟಿಯನ್ನು ಬರೆದುಕೊಟ್ಟವಳು ಅವಳೇ. ಕನ್ನಡಕ ಹಾಕಿಕೊಂಡು ಹುಡುಕಿದೆ. ಪಿಟೀಲು, ಗಿಟಾರ್, ಸ್ಯಾಕ್ಸೊಫೋನ್, ಡ್ರಮ್ಸ್. ಆಮೇಲೆ 'ಮೂಟೆಗಳು' ಎಂಬ ತಲೆಬರಹದ ಕೆಳಗೆ ಮಂಜಪ್ಪ ಮತ್ತು ನಾಲ್ಕು ತೋಟದವರ ಹೆಸರು. ಎಲ್ಲಕ್ಕಿಂತ ಕೆಳಗೆ, ಕೊನೆಯ ಮೂಟೆಯಾಗಿ, ರುದ್ರಪ್ಪ. ಮಂಜಪ್ಪ ಅದನ್ನು ಫೋಟೋ ಹೊಡೆದು ಊರಿನ ವಾಟ್ಸಾಪ್ ಗುಂಪಿಗೆಲ್ಲ ಹಂಚಿದ್ದಾನೆ. ಈಗ ಬಸ್ಸಿನಲ್ಲಿ ನನ್ನ ಗೇಟು ಬಂದರೆ ಕಂಡಕ್ಟರು ಏನೆಂದು ಕೂಗುತ್ತಾನೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಗಿರಿಜಾ ಬೆಳಿಗ್ಗೆ ಮನೆಯ ನಡುಕೋಣೆಯಲ್ಲೇ ಅಭ್ಯಾಸ ಮಾಡುತ್ತಾಳೆ. ರೇಡಿಯೋ ಬೀರುವಿನ ಮೇಲೆ ಹೋಗಿ ಕೂತಿದೆ. ನಾನು ಅವಳು ಹೇಳುವ ಮುಂಚೆಯೇ ಎದ್ದುಹೋಗಿ ಮೂಲೆಯಲ್ಲಿ ನಿಲ್ಲುತ್ತೇನೆ. ಮನೆಯೊಳಗೆ ಅದರ ಅಗತ್ಯವೇನೂ ಇಲ್ಲ, ಆದರೆ ಅಭ್ಯಾಸವಾಗಿಬಿಟ್ಟಿದೆ. ಮೊನ್ನೆ 'ಹೂಮಳೆ' ನುಡಿಸುತ್ತಿದ್ದಳು. ಆ ಕಮಾನು ಒತ್ತುವ ಜಾಗ ಬರುವ ಮುಂಚೆ ನನಗೆ ತಡೆಯಲಾಗದೆ, ಮೂವತ್ತು ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವವನಂತೆ, "ಇನ್ನೂ ಸ್ವಲ್ಪ ಜೋರಾಗಿ ಬಾರಿಸು ಮಾರಾಯ್ತಿ" ಎಂದೆ.

ಗಿರಿಜಾ ಕಮಾನು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಮೂಟೆ ಮಾತಾಡಬಾರ್ದು" ಎಂದಳು.